ಅಪ್‌ಡೇಟ್: ಬಿಸಿಲಿನ ಸುಸ್ತಲ್ಲ, ಉಣ್ಣೆ ಜ್ವರ

ನಾಲ್ಕು ವರ್ಷದ ನಮ್ಮ ನಾಯಿ ಎರಡು ದಿನದಿಂದ ಊಟ ಮುಟ್ಟುತ್ತಿಲ್ಲ, ಬಿಸಿಲಿಗೆ ಹೀಗಾಗಿರಬಹುದಾ ಅಂತ ಹೋದ ವಾರ ಕೇಳಿದ್ದೆ. ‘ಮೊದಲು ವಸಡು ನೋಡಿ’ ಅಂದವರಿಗೆ ಕೈಮುಗಿಯುತ್ತೇನೆ. ತುಟಿ ಎತ್ತಿ ನೋಡಿದರೆ ಗುಲಾಬಿ ಬಣ್ಣ ಇರಬೇಕಾದ ವಸಡು ಕಾಗದದ ಹಾಗೆ ಬಿಳಿಚಿಕೊಂಡಿತ್ತು. ತಕ್ಷಣ ವೈದ್ಯರ ಹತ್ತಿರ ಓಡಿದೆವು. ಜ್ವರ 40.3 ಡಿಗ್ರಿ ಸೆಲ್ಸಿಯಸ್ (ನಾಯಿಗಳಿಗೆ ಸುಮಾರು 39.2ರವರೆಗೆ ಸಹಜ), ಪ್ಲೇಟ್‌ಲೆಟ್ ತೀರಾ ಇಳಿದಿತ್ತು. ಪರೀಕ್ಷೆಯಲ್ಲಿ ಗೊತ್ತಾಗಿದ್ದು ಎರ್ಲಿಕಿಯಾ, ಉಣ್ಣೆ ಕಚ್ಚಿ ಬರುವ ಸೋಂಕು.

ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಮಾತ್ರೆ 28 ದಿನ ಬರೆದುಕೊಟ್ಟಿದ್ದಾರೆ. ಮೊದಲ ದಿನ ಖಾಲಿ ಹೊಟ್ಟೆಗೆ ಕೊಟ್ಟು ವಾಂತಿಯಾಯಿತು, ಈಗ ಊಟದ ಜೊತೆಗೇ. ಮೂರನೇ ದಿನ ಬಟ್ಟಲಿನ ಸದ್ದಿಗೆ ತಾನಾಗಿಯೇ ಎದ್ದು ಬಂತು, ನನಗೆ ಕಣ್ಣು ತುಂಬಿ ಬಂತು. ಚೇತರಿಸಿಕೊಂಡಿದೆ ಅಂತ ಮಾತ್ರೆ ಮಧ್ಯದಲ್ಲಿ ನಿಲ್ಲಿಸುವುದಿಲ್ಲ.

ಮೈಯೆಲ್ಲ ಬಾಚುತ್ತಿದ್ದೆವು, ಆದರೂ ಉಣ್ಣೆ ಸಿಕ್ಕಿದ್ದು ಕಾಲ್ಬೆರಳ ಸಂದಿಯಲ್ಲಿ, ಕಿವಿಯ ಮಡಿಕೆಯೊಳಗೆ. ಅಲ್ಲಿ ನಾವು ಯಾವತ್ತೂ ನೋಡಿರಲಿಲ್ಲ.

ಜ್ವರಕ್ಕೆ ಪ್ಯಾರಸಿಟಮಾಲ್ ಕೊಡಲಾ ಅಂತಲೂ ಕೇಳಿದ್ದೆ. ಕೊಡಲಿಲ್ಲ. ಮನುಷ್ಯರ ಆ ಮಾತ್ರೆ ನಾಯಿಯ ಯಕೃತ್ತನ್ನೇ ಹಾಳುಮಾಡಬಹುದಂತೆ. ತಡೆದವರಿಗೆ ಋಣಿ. ಕೋರ್ಸ್ ಮುಗಿದ ಮೇಲೆ ಮತ್ತೆ ರಕ್ತಪರೀಕ್ಷೆ ಇದೆ.