180 ಡೈರೆಕ್ಟರಿಗೆ ಸೈಟ್ ಸೇರಿಸಿದೆ, ಸರ್ಚ್‌ನಲ್ಲಿ ಇನ್ನೂ ಕಾಣಿಸುತ್ತಿಲ್ಲ

ಮುಳ್ಳುಗಡಿಯಾರ:
ಮೂರು ತಿಂಗಳಿಂದ ದಿನಾ ರಾತ್ರಿ ಕೂತು ಡೈರೆಕ್ಟರಿಗಳಿಗೆ (ಸೈಟ್‌ಗಳ ಪಟ್ಟಿ ಇಡುವ ತಾಣಗಳಿಗೆ) ನನ್ನ ಸೈಟ್ ಸೇರಿಸುತ್ತಿದ್ದೇನೆ. ಒಟ್ಟು 180 ಆಯಿತು. ಎಲ್ಲಾ ಕಡೆ ಅದೇ ಹೆಸರು, ಅದೇ ವಿವರಣೆ. ಕೀಲಿ ಕೊಡುವ ಗಡಿಯಾರಗಳ ರಿಪೇರಿ ಬಗ್ಗೆ ನಲವತ್ತು ಲೇಖನ ಇವೆ, ಒಂದೊಂದೂ ನಾನೇ ಬಿಚ್ಚಿ ಜೋಡಿಸಿ ಬರೆದದ್ದು. ಆದರೆ ಸೈಟ್ ವಿಳಾಸ ಹುಡುಕಿದರೆ ಆ ಡೈರೆಕ್ಟರಿಗಳ ಪುಟ ಬರುತ್ತದೆ, ನನ್ನದು ಬರುವುದಿಲ್ಲ. ತಲೆ ಕೆಟ್ಟುಹೋಗಿದೆ. ಇವಕ್ಕಿಂತ ಒಳ್ಳೆ ಡೈರೆಕ್ಟರಿ ಇದ್ದರೆ ಹೇಳಿ.

ಹಳೇಹುಲಿ:
ಇನ್ನೂ ಸೇರಿಸಬೇಡಿ, ದಯವಿಟ್ಟು. ಇದು ಪೆಂಗ್ವಿನ್ ಹೊಡೆತ, ಅಂದರೆ ಸ್ಪ್ಯಾಮ್ ಲಿಂಕ್ ಹಿಡಿಯಲು ಗೂಗಲ್ ತಂದ ಬದಲಾವಣೆಯದು. 2012ರ ಏಪ್ರಿಲ್‌ನಲ್ಲಿ ಅದು ಬಂದಾಗ ಇಂಥ ಲಿಂಕ್ ನಂಬಿದ್ದ ಸೈಟ್‌ಗಳೇ ಕೆಳಗೆ ಬಿದ್ದದ್ದು. 180 ಲಿಂಕನ್ನೂ, 'ಇವನ್ನು ಲೆಕ್ಕಕ್ಕೆ ತಗೋಬೇಡಿ' ಅಂತ ಗೂಗಲ್‌ಗೆ ಹೇಳುವ ಡಿಸವೋ ಫೈಲ್‌ಗೆ ಹಾಕಿ.

ಸೊನ್ನೆಒಂದು:
ಅದು ಹಳೇ ಕಥೆ ಸರ್. 2016ರ ಪೆಂಗ್ವಿನ್ 4.0 ಆದಮೇಲೆ ಇಂಥ ಲಿಂಕ್‌ಗಳಿಗೆ ಬೆಲೆ ಕೊಡುವುದಿಲ್ಲ, ಅಷ್ಟೇ. ಡೈರೆಕ್ಟರಿ ಕಾಲವೇ ಮುಗಿಯಿತು, ಯಾಹೂದು 2014ರಲ್ಲಿ, ಡಿಮಾಜ್ 2017ರಲ್ಲಿ ಮುಚ್ಚಿತು.

ಹಳೇಹುಲಿ:
ಮುಚ್ಚಿದ್ದಕ್ಕೂ ಇದಕ್ಕೂ ಏನು ಸಂಬಂಧ? ಒಂದೇ ವಿವರಣೆ 180 ಕಡೆ ಇದ್ದರೆ ಸ್ಪ್ಯಾಮ್ ಅಲ್ವಾ? ಮೊದಲು ಡಿಸವೋ.

ಸೊನ್ನೆಒಂದು:
ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಪುಟ) ಮ್ಯಾನ್ಯುಯಲ್ ಆಕ್ಷನ್, ಅಂದರೆ ಗೂಗಲ್‌ನವರೇ ನೋಡಿ ಹಾಕಿದ ದಂಡನೆ, ಇದ್ದರೆ ಡಿಸವೋ ಮಾತು ಬರಲಿ. ಸುಮ್ನೆ ಹೆದರಿಸಬೇಡಿ.

ಸಾದಾಪುಟ:
ನಾನು ಒಂದು ಡೈರೆಕ್ಟರಿಗೂ ಹಾಕಿಲ್ಲ. ಬರೀ ಎಚ್‌ಟಿಎಂಎಲ್ ಫೈಲ್, ಡೇಟಾಬೇಸ್ ಇಲ್ಲ, ಪ್ಲಗಿನ್ ಇಲ್ಲ, ಹೊಸ ಪುಟ ಹಾಕಿದ ತಕ್ಷಣ ಸೈಟ್‌ಮ್ಯಾಪ್ (ಸರ್ಚ್‌ಗೆ ಕೊಡುವ ಪುಟಗಳ ಪಟ್ಟಿ) ತಾನೇ ಬದಲಾಗುವ ಹಾಗೆ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ, ಆರು ವರ್ಷದಿಂದ ಅದನ್ನು ಮುಟ್ಟಿಲ್ಲ. ನೀವೂ ಅದಕ್ಕೇ ಬನ್ನಿ.

ಇರುವೆಸಾಲು:
ಲಿಂಕ್ ವಿಷಯ ಆಮೇಲೆ. ಸೈಟ್ ಇಂಡೆಕ್ಸ್ ಆಗಿದೆಯಾ, ಅಂದರೆ ಸರ್ಚ್‌ನ ಪಟ್ಟಿಗೆ ಸೇರಿದೆಯಾ? ನಿಮ್ಮ ಲೇಖನದ ಒಂದು ಪೂರ್ತಿ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ.

ಮುಳ್ಳುಗಡಿಯಾರ:
"ಟಿಕ್‌ಗೂ ಟಾಕ್‌ಗೂ ನಡುವಿನ ಅಂತರ ಸಮ ಇಲ್ಲದಿದ್ದರೆ ಲೋಲಕ ನಿಂತೇ ನಿಲ್ಲುತ್ತದೆ" ಅಂತ ಹುಡುಕಿದೆ. ಬಂತು! ಮೊದಲನೆಯದೇ ನನ್ನ ಪುಟ. ಆದರೆ ವಿಳಾಸ 'ಟೆಸ್ಟ್' ಅಂತ ಶುರುವಾಗುತ್ತದೆ. ಸೈಟನ್ನು ಮೊದಲು ಅಲ್ಲಿ ಕಟ್ಟಿ, ಆಮೇಲೆ ಈಗಿನ ವಿಳಾಸಕ್ಕೆ ಕಾಪಿ ಮಾಡಿದ್ದು. ಎಲ್ಲರೂ ಹೀಗೇ ಮಾಡುತ್ತಾರೆ ಅಂದುಕೊಂಡು ಇದನ್ನು ಮೊದಲೇ ಹೇಳಲಿಲ್ಲ.

ಇರುವೆಸಾಲು:
ಅದೇ ಮುಖ್ಯವಾದ ಮಾತು! ಈಗಿನ ವಿಳಾಸದ ಯಾವುದಾದರೂ ಪುಟದ ಸೋರ್ಸ್ (ಕೋಡ್) ತೆಗೆದು 'ಕೆನಾನಿಕಲ್' ಹುಡುಕಿ. ಅಸಲಿ ಪುಟದ ವಿಳಾಸ ಯಾವುದು ಅಂತ ಸರ್ಚ್‌ಗೆ ಹೇಳುವ ಸಾಲು ಅದು.

ಮುಳ್ಳುಗಡಿಯಾರ:
ನಲವತ್ತೂ ಪುಟದಲ್ಲಿ ಆ ಸಾಲಿನಲ್ಲಿ ಟೆಸ್ಟ್ ವಿಳಾಸವೇ ಇದೆ. ಟೆಂಪ್ಲೇಟ್‌ನಲ್ಲಿ ಉಳಿದುಬಿಟ್ಟಿದೆ. ಮೂರು ತಿಂಗಳಿಂದ 'ಅಸಲಿ ಪುಟ ಅಲ್ಲಿದೆ' ಅಂತ ನಾನೇ ಹೇಳಿದ ಹಾಗಾಯಿತು.

ಸಾದಾಪುಟ:
ಟೆಸ್ಟ್ ಸೈಟನ್ನು ಈಗಲೇ ರೋಬಾಟ್ಸ್ ಫೈಲ್‌ನಲ್ಲಿ (ಸರ್ಚ್‌ನ ಬಾಟ್ ಎಲ್ಲಿಗೆ ಹೋಗಬಾರದು ಅಂತ ಹೇಳುವ ಫೈಲ್) ಬ್ಲಾಕ್ ಮಾಡಿ.

ಇರುವೆಸಾಲು:
ಬೇಡ, ಬೇಡ. ಬ್ಲಾಕ್ ಮಾಡಿದರೆ ಬಾಟ್ ಅಲ್ಲಿಗೆ ಹೋಗುವುದೇ ಇಲ್ಲ, ರೀಡೈರೆಕ್ಟ್ ಅದಕ್ಕೆ ಕಾಣುವುದೂ ಇಲ್ಲ. ಮೊದಲು ಟೆಂಪ್ಲೇಟ್ ಸಾಲು ಸರಿಮಾಡಿ. ಟೆಸ್ಟ್‌ನ ಪ್ರತಿ ಪುಟಕ್ಕೂ ಅದರದೇ ಹೊಸ ಪುಟಕ್ಕೆ 301 (ಹಳೇ ವಿಳಾಸದಿಂದ ಹೊಸದಕ್ಕೆ ಕಳಿಸುವ ಶಾಶ್ವತ ರೀಡೈರೆಕ್ಟ್) ಕೊಡಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಬೇಡಿ. ಆಮೇಲೆ ಸರ್ಚ್ ಕನ್ಸೋಲ್‌ಗೆ ಹೊಸ ಸೈಟ್‌ಮ್ಯಾಪ್ ಕೊಡಿ.

ಹಳೇಹುಲಿ:
ಸರಿ, ಆದರೆ ಡಿಸವೋನೂ ಮಾಡಿ. ನಾನು ಹೇಳಿದ್ದು ತಪ್ಪಲ್ಲ.

ಮುಳ್ಳುಗಡಿಯಾರ:
ಹನ್ನೆರಡು ದಿನ ಆಯಿತು. ಹದಿನಾಲ್ಕು ಪುಟ ಸರಿಯಾದ ವಿಳಾಸದಲ್ಲಿ ಬಂದಿವೆ, ಲೋಲಕದ ಲೇಖನವೂ ಬಂತು! ಮ್ಯಾನ್ಯುಯಲ್ ಆಕ್ಷನ್ ಏನೂ ಇಲ್ಲ, ಹಾಗಾಗಿ ಡಿಸವೋ ಮುಟ್ಟಲಿಲ್ಲ. ಇರುವೆಸಾಲು ಅವರೇ, ತುಂಬಾ ಉಪಕಾರವಾಯಿತು. ಫೋಟೋಗಳು ಮಾತ್ರ ಇನ್ನೂ ಟೆಸ್ಟ್ ವಿಳಾಸದಿಂದಲೇ ಬರುತ್ತಿವೆ. ಅವಕ್ಕೂ 301 ಸಾಕಾ, ಲೇಖನದೊಳಗಿನ ವಿಳಾಸವನ್ನೂ ಬದಲಾಯಿಸಬೇಕಾ?