ಅಪ್‌ಡೇಟ್: ಆಗುಂಬೆ ಘಾಟಿಯಲ್ಲಿ ತಿರುಗದೆ ಹೋಗುತ್ತಿದ್ದ ಕಾರು

ಹೋದ ತಿಂಗಳು ಕೇಳಿದ್ದೆ ಅಲ್ವಾ, ಉಡುಪಿಗೆ ವಾಪಸ್ ಬರುವಾಗ ಮಳೆಯಲ್ಲಿ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ತಡೆಗೋಡೆ ಕಡೆಗೇ ಜಾರುತ್ತದೆ ಅಂತ. ಈಗ ಬಹುಪಾಲು ಸರಿಹೋಗಿದೆ.

ನೀವು ಹೇಳಿದಂತೆ ಮೊದಲು ಟೈರ್ ನೋಡಿದೆ. ಪಕ್ಕದಲ್ಲಿ 3217 ಅಂತ ಅಚ್ಚು. ಅಂದರೆ 2017ರ 32ನೇ ವಾರದಲ್ಲಿ ತಯಾರಾದದ್ದು! ಬೆರಳಲ್ಲಿ ಒತ್ತಿದರೆ ರಬ್ಬರ್ ಕಲ್ಲಿನ ಹಾಗೆ. ಗಾಳಿಯ ಒತ್ತಡ ಬೇರೆ 40 psi ಇತ್ತು, ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ 33 ಅಂತಿದೆ. ನಾಲ್ಕೂ ಹೊಸದು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿದೆ.

ಆದರೆ ಜಾಸ್ತಿ ವ್ಯತ್ಯಾಸ ಆಗಿದ್ದು ಓಡಿಸುವ ರೀತಿಯಿಂದ. ಕಾರನ್ನು ಎಳೆಯುವುದೂ ತಿರುಗಿಸುವುದೂ ಮುಂದಿನ ಚಕ್ರಗಳೇ, ಬ್ರೇಕಿನ ಭಾರವೂ ಹೆಚ್ಚಾಗಿ ಅವಕ್ಕೇ, ಎಲ್ಲ ಒಟ್ಟಿಗೆ ಕೇಳಿದರೆ ಹಿಡಿತ ಸಾಲುವುದಿಲ್ಲ. ಈಗ ತಿರುವಿಗೆ ಮೊದಲೇ, ನೇರ ಇರುವಾಗಲೇ ಬ್ರೇಕ್ ಹಾಕಿ ಸೆಕೆಂಡ್ ಗೇರಿಗೆ ಇಳಿಸುತ್ತೇನೆ. ಮುಂದಿನ ರಸ್ತೆ ಕಂಡ ಮೇಲೆಯೇ ಆಕ್ಸಿಲರೇಟರ್. ಜಾರಿತು ಅನ್ನಿಸಿದರೆ ಕಾಲು ಮೆಲ್ಲ ಸಡಿಲಿಸಿ, ಸ್ಟೇರಿಂಗ್ ಸ್ವಲ್ಪ ವಾಪಸ್ ಬಿಟ್ಟರೆ ಟೈರ್ ಮತ್ತೆ ಕಚ್ಚುತ್ತದೆ. ಕೈ ಇನ್ನೂ ತಿರುಗಿಸು ಅನ್ನುತ್ತದೆ, ತಿರುಗಿಸಬಾರದು.

ಭಾನುವಾರ ಜಿಟಿಜಿಟಿ ಮಳೆಯಲ್ಲೇ ಘಾಟಿಯ ಬುಡದ ಸೋಮೇಶ್ವರದಿಂದ ಹತ್ತಿ ಇಳಿದೆ. ಒಮ್ಮೆಯೂ ಲೈನ್ ಬಿಡಲಿಲ್ಲ.

ಕಾರಿನ ಹಿಂಭಾಗಕ್ಕೆ ದಪ್ಪ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಹಾಕಿಸಿ ಅಂದವರಿಗೆ: ಸದ್ಯಕ್ಕೆ ಬೇಡ. ಅದರಿಂದ ಮುಂಭಾಗ ಜಾರುವುದು ಕಡಿಮೆಯಾದರೂ ಹಿಂಭಾಗ ಬೇಗ ಜಾರಬಹುದು. ಒದ್ದೆ ಘಾಟಿಯಲ್ಲಿ ಹಿಂಭಾಗ ಜಾರಿದರೆ ನನಗೆ ಹಿಡಿಯಲು ಬರುವುದಿಲ್ಲ.