ಶಾರ್ಲಮೇನ್‌ನಿಂದ ಕ್ಲೋವಿಸ್‌ವರೆಗೆ ಗೆರೆ ಎಳೆಯಲು ಹೋದರೆ ವಂಶವೃಕ್ಷ ಗಿರಗಿರ ಸುತ್ತುತ್ತಿದೆ, ಯಾರಾದರೂ ಹೆಲ್ಪ್ ಮಾಡಿ

ಮಂಜು_ಮೊಸೆಲ್

ತಲೆ ಕೆಟ್ಟುಹೋಗಿದೆ. ಮೊನ್ನೆವರೆಗೂ ಎಲ್ಲ ಸರಿ ಇತ್ತು. ಈಗ ಫ್ರಾಂಕರ ಚಕ್ರವರ್ತಿ ಶಾರ್ಲಮೇನ್ ಹೆಸರು ಒತ್ತಿ ಪೂರ್ವಜರ ಚಾರ್ಟ್ ತೆಗೆದರೆ ಅದೇ ಹೆಸರುಗಳು ತಿರುತಿರುಗಿ ಬರುತ್ತವೆ, ಆಮೇಲೆ ಲೂಪ್ ಇದೆ ಅಂತ ನಿಂತುಬಿಡುತ್ತದೆ. ಅವನ ತಾಯಿ ಬರ್ತ್ರಾದಾ ಹತ್ತಿರ ಏನೋ ಎಡವಟ್ಟಾಗಿದೆ ಅಂತ ಅನುಮಾನ. ಇದು ಸಾಲದು ಅಂತ ಆಕೆಗಿಂತ ಮೇಲಿನ ತಲೆಮಾರಿನ ಇರ್ಮಿನಾ ಹೆಸರಿನ ಮುಂದೆ ಬೇರೆ ಎರರ್. ಶನಿವಾರದೊಳಗೆ ಪ್ರಿಂಟ್ ಹಾಕಿಸಬೇಕು. ಶಾರ್ಲಮೇನ್ ಮನೆತನಕ್ಕೂ ಮುಂಚೆ ಆಳಿದ ಮೆರೊವಿಂಜಿಯನ್ ರಾಜ ಕ್ಲೋವಿಸ್‌ವರೆಗೆ ಗೆರೆ ಸಿಕ್ಕರೆ ಸಾಕು, ಬೇರೆ ಏನೂ ಬೇಡ. ಬೇಗ ಹೇಳಿ.

ಗಣಕಭಟ್ಟ

ಯಾವ ಸಾಫ್ಟ್‌ವೇರ್, ಯಾವ ವರ್ಷನ್, ಡೇಟಾ ಎಲ್ಲಿಂದ ಬಂತು, ಒಂದೂ ಹೇಳಿಲ್ಲ. ಆದರೂ ಹೇಳುತ್ತೇನೆ, ಇದು ತಾರೀಖಿನ ಸಮಸ್ಯೆ. ಆ ಕಾಲದ ದಾನಪತ್ರಗಳಲ್ಲಿ ಇಸವಿ ಇರುವುದಿಲ್ಲ. ಇಂಥ ರಾಜನ ಆಳ್ವಿಕೆಯ ಇಷ್ಟನೇ ವರ್ಷ ಅಂತ ಇರುತ್ತದೆ. ಯಾರೋ ಲೆಕ್ಕ ತಪ್ಪಿ ಇಸವಿ ಹಾಕಿರುತ್ತಾರೆ. ಮೊದಲು ಅದನ್ನು ನೋಡಿ.

ಮಂಜು_ಮೊಸೆಲ್

ವಂಶವೃಕ್ಷ ಮಾಡುವ ಗ್ರಾಂಪ್ಸ್ ಸಾರ್, ಮತ್ತಿನ್ಯಾವುದು. ಡೇಟಾ ಎಲ್ಲರೂ ತರುವ ಕಡೆಯಿಂದಲೇ. ಜೆಡ್‌ಕಾಮ್ (ವಂಶಾವಳಿ ಡೇಟಾ) ಫೈಲ್ ಇಳಿಸಿ ಇಂಪೋರ್ಟ್ ಮಾಡಿದ್ದು.

ಗಣಕಭಟ್ಟ

"ಎಲ್ಲರೂ ತರುವ ಕಡೆ" ಅಂದರೆ ನಮಗೇನು ಕನಸು ಬೀಳುತ್ತಾ? ಇರಲಿ. ಬರ್ತ್ರಾದಾ ಹೆಸರಿರುವ ಪ್ರ್ಯೂಮ್ ಮಠದ ದಾನಪತ್ರಕ್ಕೆ ಯಾವ ಇಸವಿ ಹಾಕಿದ್ದೀರಿ? 720 ಅಂತಲೂ ಬರೆಯುತ್ತಾರೆ, 721 ಅಂತಲೂ ಬರೆಯುತ್ತಾರೆ. ಅಲ್ಲೇ ಕೊಕ್ಕೆ ಇರುವುದು.

ಮಂಜು_ಮೊಸೆಲ್

721 ಇತ್ತು. 720 ಮಾಡಿ ನೋಡಿದೆ. ಏನೂ ಆಗಲಿಲ್ಲ.

ಗಣಕಭಟ್ಟ

ಹಾಗಾದರೆ "ಸುಮಾರು" ಅಂತ ಹಾಕಿ ನೋಡಿ. ಹುಟ್ಟಿದ ತಾರೀಖಿಗೂ "ಮುಂಚೆ", "ನಂತರ" ಅಂತ ಕೊಡಿ. ಬಿಡಿ ಇಸವಿ ಕೊಟ್ಟರೆ ಹೀಗೇ ಆಗುವುದು.

ಶಾನುಭೋಗ

ಭಟ್ಟರೇ, ಒಂದು ವರ್ಷ ಆಚೀಚೆ ಆದರೆ ಲೂಪ್ ಹೇಗೆ ಬರುತ್ತದೆ? ಯಾರೋ ತನಗೆ ತಾನೇ ಪೂರ್ವಜ ಆಗಿದ್ದಾನೆ, ಅದಕ್ಕೇ ಲೂಪ್. ಅದು ಸಂಬಂಧದ ತಪ್ಪು. ತಾರೀಖಿಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಗಣಕಭಟ್ಟ

ತಾರೀಖು ಸರಿ ಇದ್ದಿದ್ದರೆ ಡೇಟಾ ಚೆಕ್‌ನಲ್ಲೇ ಸಿಕ್ಕಿಬೀಳುತ್ತಿತ್ತಲ್ಲ ಸ್ವಾಮಿ, ಅದನ್ನೇ ನಾನು ಹೇಳುತ್ತಿರುವುದು.

ಕರಾವಳಿ_ಕಿಟ್ಟ

ಮಾರಾಯ್ರೆ, ಇರ್ಮಿನಾ ಅಂದರೆ ಮೆರೊವಿಂಜಿಯನ್ ರಾಜ ಡಾಗೋಬರ್ಟ್ ಮಗಳಲ್ವಾ? ಅಲ್ಲಿಂದ ಸೀದಾ ಕ್ಲೋವಿಸ್‌ಗೆ ಹೋಗುತ್ತದೆ. ಇಷ್ಟಕ್ಕೆ ಯಾಕೆ ಒದ್ದಾಟ? 2ನೇ ಡಾಗೋಬರ್ಟ್‌ನ ವಂಶ ಗುಟ್ಟಾಗಿ ಉಳಿದುಕೊಂಡಿತ್ತು, ದಕ್ಷಿಣ ಫ್ರಾನ್ಸ್‌ನಲ್ಲಿ ಅಡಗಿತ್ತು ಅಂತ ಎಷ್ಟು ವಿಡಿಯೋ ಇಲ್ಲ.

ಶಾನುಭೋಗ

ಕಿಟ್ಟಣ್ಣ, ಆ ಗುಟ್ಟಿನ ವಂಶದ ಕಥೆ ಪಿಯೆರ್ ಪ್ಲಾಂಟಾರ್ ಎಂಬಾತ ಮತ್ತು ಅವನ ಗೆಳೆಯರು ಕಟ್ಟಿದ್ದು. 1956ರಲ್ಲಿ ಒಂದು ಸಂಘ ರಿಜಿಸ್ಟರ್ ಮಾಡಿಸಿದರು. 1960ರ ದಶಕದಲ್ಲಿ ಸುಳ್ಳು ವಂಶಾವಳಿ ಕಾಗದಗಳನ್ನು ತಯಾರಿಸಿ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿಸಿದರು. ಅದನ್ನು ಇಲ್ಲಿ ತರಬೇಡಿ.

ಇನ್ನು ಇರ್ಮಿನಾ. ಡಾಗೋಬರ್ಟ್ ಮಗಳು ಅನ್ನುವುದು ನಂತರದ ಶತಮಾನಗಳ ಸಂತಕಥೆ. ಕೂತು ಲೆಕ್ಕ ಹಾಕಿ. 2ನೇ ಡಾಗೋಬರ್ಟ್‌ನ ಅಪ್ಪ 3ನೇ ಸಿಗಿಬರ್ಟ್ ಹುಟ್ಟಿದ್ದು ಸುಮಾರು 630ರಲ್ಲಿ. ಮಗ 650ರ ಆಸುಪಾಸಿನವನು. ಇರ್ಮಿನಾ ಮಗಳು ಪ್ಲೆಕ್ಟ್ರೂಡ್ ಅಂತ ಒಪ್ಪಿದರೆ, ಪ್ಲೆಕ್ಟ್ರೂಡ್‌ಳ ಮಗ ಡ್ರೊಗೊ 690ರ ದಶಕದಲ್ಲೇ ಶಾಂಪೇನ್‌ನ ಡ್ಯೂಕ್. ಅಂದರೆ 650ರಲ್ಲಿ ಹುಟ್ಟಿದವನಿಗೆ ನಲವತ್ತೈದು ವರ್ಷದೊಳಗೆ ಮಗಳು, ಮೊಮ್ಮಗಳು, ಅಧಿಕಾರ ನಡೆಸುವ ಮರಿಮಗ! ಮಂಜು ಅವರ ಎರರ್ ಇದೇ ಇರಬೇಕು. ಸಾಫ್ಟ್‌ವೇರ್ ಸರಿಯಾಗಿಯೇ ಬೈದಿದೆ.

ಗಣಕಭಟ್ಟ

ನೋಡಿದ್ರಾ, ಕೊನೆಗೆ ತಾರೀಖೇ ಬಂತು.

ಮಂಜು_ಮೊಸೆಲ್

ಹೌದು, ಇರ್ಮಿನಾಗೆ ಅಪ್ಪನ ವಯಸ್ಸು ಕಮ್ಮಿ ಅಂತಲೇ ಬರುತ್ತಿದೆ. ಆದರೆ ಡಾಗೋಬರ್ಟ್‌ನನ್ನು ತೆಗೆದರೆ ನನ್ನ ಗೆರೆಯೇ ಹೋಯಿತಲ್ಲ! ಮತ್ತೆ ಲೂಪ್ ಹಾಗೇ ಇದೆ. ತೆಗೆದು ನೋಡಿದೆ.

ಅಪರಂಜಿ

ಮಂಜು, ಒಂದು ಪ್ರಶ್ನೆ. ನಿಮ್ಮ ಫೈಲಿನಲ್ಲಿ ಎಷ್ಟು ಜನ ಬರ್ತ್ರಾದಾ ಇದ್ದಾರೆ?

ಮಂಜು_ಮೊಸೆಲ್

ಒಬ್ಬಳೇ ಮೇಡಂ. ಶಾರ್ಲಮೇನ್ ತಾಯಿ. ಮೊದಲು ಎರಡು ಎಂಟ್ರಿ ಇತ್ತು, ಡೂಪ್ಲಿಕೇಟ್ ಹುಡುಕುವ ಟೂಲ್ ತೋರಿಸಿತು, ಮರ್ಜ್ ಕೊಟ್ಟೆ.

ಅಪರಂಜಿ

ಅಲ್ಲೇ ಸಿಕ್ಕಿತು. ಅವರು ಇಬ್ಬರು. ಒಬ್ಬಳು ಪ್ರ್ಯೂಮ್‌ನ ಬರ್ತ್ರಾದಾ. 721ರಲ್ಲಿ ಮಗ ಕಾರಿಬರ್ಟ್ ಜೊತೆ ಸೇರಿ ಮಠ ಕಟ್ಟಿಸಿದವಳು. ಇನ್ನೊಬ್ಬಳು ಲಾನ್‌ನ ಬರ್ತ್ರಾದಾ. ಕಾರಿಬರ್ಟ್‌ನ ಮಗಳು, ಗಿಡ್ಡ ಪೆಪಿನ್‌ನ ಹೆಂಡತಿ, ಶಾರ್ಲಮೇನ್‌ನ ತಾಯಿ, ತೀರಿಕೊಂಡಿದ್ದು 783ರಲ್ಲಿ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟಿದ್ದಾರೆ, ಅಷ್ಟೇ. ನೀವು ಇಬ್ಬರನ್ನೂ ಒಂದು ಮಾಡಿದಿರಿ. ಈಗ ಕಾರಿಬರ್ಟ್ ತನ್ನ ತಾಯಿಗೆ ತಾನೇ ಅಪ್ಪ. ಶಾರ್ಲಮೇನ್ ತನ್ನ ಅಜ್ಜನಿಗೆ ತಮ್ಮ.

ಡೇಟಾ ಚೆಕ್‌ನಲ್ಲಿ ಯಾಕೆ ಸಿಗಲಿಲ್ಲ ಅಂದರೆ, ಇಬ್ಬರಿಗೂ ಹುಟ್ಟಿದ ಇಸವಿ ಖಾಲಿ. 721ರಲ್ಲಿ ದಾನ ಕೊಟ್ಟು 783ರಲ್ಲಿ ಸತ್ತರೆ ಅರವತ್ತೆರಡು ವರ್ಷ, ಅದರಲ್ಲೇನೂ ತಪ್ಪು ಕಾಣುವುದಿಲ್ಲ. ಆದರೆ 721ರಲ್ಲಿ ಬೆಳೆದ ಮಗನ ಜೊತೆ ಪತ್ರಕ್ಕೆ ರುಜು ಹಾಕಿದವಳು 751ರಲ್ಲಿ ಶಾರ್ಲಮೇನ್‌ನ ತಮ್ಮ ಕಾರ್ಲೋಮನ್‌ನನ್ನು ಹೆತ್ತಳು ಅಂದರೆ ಯಾರು ನಂಬುತ್ತಾರೆ?

ಇನ್ನೊಂದು ಕೇಳುತ್ತೇನೆ. ಕಾರಿಬರ್ಟ್‌ಗೂ ಎರಡು ಎಂಟ್ರಿ ಇತ್ತಾ? 762ರಲ್ಲಿ ಪೆಪಿನ್ ಅದೇ ಮಠಕ್ಕೆ ಕೊಟ್ಟ ಪತ್ರದಲ್ಲಿ ಬರ್ತ್ರಾದಾ ಅಪ್ಪನ ಹೆಸರು ಹೆರಿಬರ್ಟ್ ಅಂತ ಇದೆ. ಮನುಷ್ಯ ಒಬ್ಬನೇ.

ಮಂಜು_ಮೊಸೆಲ್

ಇತ್ತು. ಹೆರಿಬರ್ಟ್, ಕಾರಿಬರ್ಟ್ ಎರಡನ್ನೂ ಮೊದಲು ಮರ್ಜ್ ಮಾಡಿದ್ದೆ. ಅದಾದ ಮೇಲೇ ಟೂಲ್ ಬರ್ತ್ರಾದಾ ತೋರಿಸಿದ್ದು.

ಅಪರಂಜಿ

ಅದು ಸರಿಯಾದ ಮರ್ಜ್, ಅದನ್ನು ಮುಟ್ಟಬೇಡಿ. ಎರಡನೆಯದನ್ನು ಬಿಡಿಸಿ. ಅನ್‌ಡೂ ದಾಟಿ ಹೋಗಿದ್ದರೆ ಹಳೇ ಬ್ಯಾಕಪ್ ತೆಗೆಯಿರಿ. ಅದೂ ಇಲ್ಲದಿದ್ದರೆ ಅಜ್ಜಿಗೆ ಹೊಸ ಎಂಟ್ರಿ ಮಾಡಿ, 721ರ ದಾನವನ್ನೂ ಕಾರಿಬರ್ಟ್‌ನನ್ನೂ ಆಕೆಗೆ ವರ್ಗಾಯಿಸಿ. ಪೆಪಿನ್ ಮದುವೆ, ಮಕ್ಕಳು, 783 ಎಲ್ಲ ಮೊಮ್ಮಗಳ ಹತ್ತಿರವೇ ಇರಲಿ.

ಗಣಕಭಟ್ಟ

ಬ್ಯಾಕಪ್ ವಿಷಯ ಬಂತಲ್ಲ, ಅದಕ್ಕೆ ಹೇಳುತ್ತೇನೆ. ನನ್ನದು ಮನೆಯಲ್ಲೇ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಡುತ್ತದೆ. ರಾತ್ರಿ ಅದಾಗೇ ಬ್ಯಾಕಪ್, ಬೇರೆ ಡಿಸ್ಕಿಗೆ ಒಂದು ಪ್ರತಿ. ಕರೆಂಟ್ ಹೋದರೂ ಯುಪಿಎಸ್ ಇದೆ. ಹಾಲ್‌ನಲ್ಲಿ ಕೂತು ಫೋನಿನಲ್ಲೇ ಮೆರೊವಿಂಜಿಯನ್ ರಾಜರನ್ನೆಲ್ಲ ನೋಡಬಹುದು.

ಕರಾವಳಿ_ಕಿಟ್ಟ

ನನ್ನದು ಫ್ಲೆಕ್ಸ್ ಪ್ರಿಂಟ್. ಕ್ಲೋವಿಸ್‌ನಿಂದ ಇಲ್ಲಿವರೆಗೆ, ಗೋಡೆ ತುಂಬಾ ಇದೆ. ಮನೆಯವರು ಬೈದರು, ಆದರೂ ತೆಗೆದಿಲ್ಲ.

ಶಾನುಭೋಗ

ಕಿಟ್ಟಣ್ಣ, ಅದರಲ್ಲಿ ಇರ್ಮಿನಾ ಡಾಗೋಬರ್ಟ್ ಮಗಳೇ ಇರಬೇಕು.

ಕರಾವಳಿ_ಕಿಟ್ಟ

ಇರಲಿ ಬಿಡಿ ಮಾರಾಯ್ರೆ, ಒಮ್ಮೆ ಪ್ರಿಂಟ್ ಆಗಿದೆ.

ಮಂಜು_ಮೊಸೆಲ್

ಲೂಪ್ ಹೋಯಿತು!! ಅಪರಂಜಿ ಮೇಡಂ, ದೊಡ್ಡ ನಮಸ್ಕಾರ. ಆದರೆ ಈಗ ಚಾರ್ಟ್ ಪ್ರ್ಯೂಮ್‌ನ ಬರ್ತ್ರಾದಾ ಹತ್ತಿರ ನಿಂತುಹೋಗಿದೆ. ಮೇಲೆ ಯಾರೂ ಇಲ್ಲ. ಫೈಲಿನಲ್ಲಿ ಆಕೆಗೆ ಇರ್ಮಿನಾ ತಾಯಿ ಅಂತ ಇತ್ತು, ಅಪ್ಪ ಒಂದು ಕಡೆ ಹುಗೊಬರ್ಟ್, ಇನ್ನೊಂದು ಕಡೆ ರಾಜ 3ನೇ ಥ್ಯೂಡೆರಿಕ್. ಯಾವುದನ್ನು ಹಾಕಲಿ? ಥ್ಯೂಡೆರಿಕ್ ಹಾಕಿದರೆ ಕ್ಲೋವಿಸ್ ಸಿಗುತ್ತಾನೆ.

ನಾನಿರುವುದು ಲಕ್ಸೆಂಬರ್ಗ್‌ನಲ್ಲಿ. ಇಲ್ಲಿನ ಕನ್ನಡ ಗೆಳೆಯರ ಇತಿಹಾಸ ಗುಂಪಿಗೆ ಈ ಚಾರ್ಟ್. ಎಕ್ಟರ್‌ನಾಖ್ ಮಠಕ್ಕೆ ಇರ್ಮಿನಾ ಜಾಗ ಕೊಟ್ಟಿದ್ದಲ್ವಾ, ಅದಕ್ಕೇ ಶುರು ಮಾಡಿದ್ದು.

ಶಾನುಭೋಗ

ಇದನ್ನು ಮೊದಲೇ ಹೇಳಿದ್ದರೆ ಎಷ್ಟು ಸುಲಭ ಆಗುತ್ತಿತ್ತು! ನಿಮ್ಮ ಹಿತ್ತಲಲ್ಲೇ ಎಲ್ಲ ಇದೆ. ಪ್ರ್ಯೂಮ್ ದಾನಪತ್ರಗಳ ಪ್ರತಿ ಇರುವ ಚಿನ್ನದ ಹೊತ್ತಿಗೆ ಟ್ರಿಯರ್ ನಗರ ಗ್ರಂಥಾಲಯದಲ್ಲಿದೆ.

ಈಗ ಕೇಳಿ. ಪ್ರ್ಯೂಮ್‌ನ ಬರ್ತ್ರಾದಾಗೆ ಅಪ್ಪ ಅಮ್ಮ ಯಾರು ಅಂತ ನೇರವಾಗಿ ಹೇಳುವ ಆ ಕಾಲದ ಪತ್ರ ಒಂದೂ ಇಲ್ಲ. ಇರುವುದೆಲ್ಲ ಆಸ್ತಿಯ ಲೆಕ್ಕಾಚಾರ. ಎಕ್ಟರ್‌ನಾಖ್‌ನಲ್ಲಿ ಇರ್ಮಿನಾ ತನ್ನ ಪಾಲನ್ನು ಆ ಮಠ ಸ್ಥಾಪಿಸಿದ ವಿಲ್ಲಿಬ್ರಾರ್ಡ್‌ಗೆ ಕೊಟ್ಟಿದ್ದು 697-698ರ ಹೊತ್ತಿಗೆ. ಅದೇ ಊರಿನ ಇನ್ನೊಂದು ಪಾಲನ್ನು 706ರಲ್ಲಿ ಕೊಟ್ಟವರು ಶಾರ್ಲಮೇನ್‌ನ ಮುತ್ತಜ್ಜ ಹೆರ್ಸ್ಟಾಲ್‌ನ ಪೆಪಿನ್ ಮತ್ತು ಅವನ ಹೆಂಡತಿ ಪ್ಲೆಕ್ಟ್ರೂಡ್. ಆ ಪತ್ರದಲ್ಲಿ ಪ್ಲೆಕ್ಟ್ರೂಡ್ ತೀರಿಹೋದ ಹುಗೊಬರ್ಟ್‌ನ ಮಗಳು ಅಂತ ಸ್ಪಷ್ಟವಾಗಿದೆ. ನಮ್ಮೂರಲ್ಲಿ ಒಂದೇ ಸರ್ವೆ ನಂಬರಿನ ಜಮೀನು ಇಬ್ಬರ ಪಹಣಿಯಲ್ಲಿ ಹಂಚಿಹೋಗಿದ್ದರೆ ಒಂದೇ ಮನೆಯವರಿರಬೇಕು ಅಂತ ಊಹಿಸುತ್ತೇವಲ್ಲ, ಹಾಗೆ. ಅದರಿಂದಲೇ ಇರ್ಮಿನಾ ಹುಗೊಬರ್ಟ್‌ನ ಹೆಂಡತಿ, ಪ್ಲೆಕ್ಟ್ರೂಡ್‌ಳ ತಾಯಿ ಅನ್ನುವುದು. ಬರ್ತ್ರಾದಾಳನ್ನು ಅದೇ ಮನೆಗೆ ಸೇರಿಸುವುದೂ ಪ್ರ್ಯೂಮ್ ಇರುವ ಐಫೆಲ್ ಗುಡ್ಡಗಾಡಿನ ಸುತ್ತಲ ಆಸ್ತಿ ನೋಡಿಯೇ. ಊಹೆ ಗಟ್ಟಿಯಾಗಿದೆ. ಆದರೂ ಊಹೆ.

ಮಂಜು_ಮೊಸೆಲ್

ಮತ್ತೆ ಥ್ಯೂಡೆರಿಕ್?

ತಾಳೆಗರಿ

ನಾನು ಥ್ಯೂಡೆರಿಕ್ ಕಡೆ. ಮಗನ ಹೆಸರು ಕಾರಿಬರ್ಟ್. ಅದು ಮೆರೊವಿಂಜಿಯನ್ ರಾಜರ ಹೆಸರು. 567ರಲ್ಲಿ ಸತ್ತ ಕಾರಿಬರ್ಟ್ ಒಬ್ಬ, 632ರಲ್ಲಿ ಸತ್ತವನು ಇನ್ನೊಬ್ಬ. 721ರ ಪತ್ರದಲ್ಲಿ ಥಿಯೊಡೆರಿಕ್ ಎಂಬ ಹೆಸರೂ ಇದೆ. ಆ ಕಾಲದಲ್ಲಿ ಹೆಸರು ಸುಮ್ನೆ ಇಡುತ್ತಿರಲಿಲ್ಲ.

ಶಾನುಭೋಗ

ಹೆಸರು ಎರವಲು ತರಬಹುದು ಸ್ವಾಮಿ. 778ರಲ್ಲಿ ಶಾರ್ಲಮೇನ್‌ಗೆ ಅವಳಿ ಮಕ್ಕಳಾದಾಗ ಲೂಯಿ, ಲೋಥಾರ್ ಅಂತಿಟ್ಟ. ಅಂದರೆ ಮೆರೊವಿಂಜಿಯನ್ ರಾಜರ ಕ್ಲೋವಿಸ್, ಕ್ಲೋಥಾರ್ ಹೆಸರುಗಳೇ. ಅವರ ಮನೆಯಲ್ಲಿ ಮುಂಚೆ ಆ ಹೆಸರು ಇರಲೇ ಇಲ್ಲ.

ತಾಳೆಗರಿ

ಅದು ಸಿಂಹಾಸನ ಸಿಕ್ಕ ಮೇಲೆ. 751ರಲ್ಲಿ ಹಳೇ ಮೆರೊವಿಂಜಿಯನ್ ರಾಜನ ಕೂದಲು ಬೋಳಿಸಿ ಮಠಕ್ಕೆ ಕಳಿಸಿದವರು ಯಾವ ಹೆಸರು ಬೇಕಾದರೂ ಇಡಬಹುದು. ಅದಕ್ಕೂ ಒಂದು ತಲೆಮಾರು ಹಿಂದೆ, ರಾಜರು ಇನ್ನೂ ಇದ್ದಾಗ, ಒಬ್ಬ ಜಮೀನುದಾರ ಹೆಂಗಸು ರಾಜಮನೆತನದ ಹೆಸರು ಇಡುತ್ತಾಳಾ?

ಶಾನುಭೋಗ

ಇಡಬಾರದು ಅಂತ ಕಾನೂನಿತ್ತಾ?

ತಾಳೆಗರಿ

ಇತ್ತು ಅಂತ ನಾನೆಲ್ಲಿ ಹೇಳಿದೆ?

ಕರಾವಳಿ_ಕಿಟ್ಟ

ಅಷ್ಟು ಕಷ್ಟ ಯಾಕೆ, ಶಾರ್ಲಮೇನ್ ಅಪ್ಪನ ಕಡೆಯಿಂದ ಹೋಗಿ. ಮೆಟ್ಸ್‌ನ ಬಿಷಪ್ ಆರ್ನುಲ್ಫ್ ಅವನ ಪೂರ್ವಜ. ಆರ್ನುಲ್ಫ್‌ನ ಅಜ್ಜ ಆನ್ಸ್‌ಬರ್ಟ್, ಅಜ್ಜಿ ಕ್ಲೋಥಾರ್ ರಾಜನ ಮಗಳು ಬ್ಲಿಥಿಲ್ಡ್. ಇದು ಹಳೇ ಲ್ಯಾಟಿನ್ ವಂಶಾವಳಿಯಲ್ಲೇ ಇದೆ, ವಿಡಿಯೋ ಅಲ್ಲ.

ಅಪರಂಜಿ

ಅದು ಹಳೆಯದೇ, ಆದರೆ 800ರ ಆಸುಪಾಸಿನದು. ಶಾರ್ಲಮೇನ್ ಕಾಲದಲ್ಲಿ, ಅವನಿಗೆ ಬೇಕಾದ ಹಾಗೆ ಬರೆದದ್ದು. ಆರ್ನುಲ್ಫ್ ಬಗ್ಗೆ ಮೊದಲು ಬಂದ ಜೀವನಚರಿತ್ರೆ ಏನು ಹೇಳುತ್ತದೆ? ಫ್ರಾಂಕರ ಕುಲದವನು, ಒಳ್ಳೇ ಮನೆತನ, ಶ್ರೀಮಂತ, ಅಷ್ಟೇ. ಅಪ್ಪನ ಹೆಸರೂ ಇಲ್ಲ. ಅಜ್ಜಿ ರಾಜಕುಮಾರಿ ಆಗಿದ್ದರೆ ಬರೆಯದೆ ಬಿಡುತ್ತಿದ್ದರಾ? 1ನೇ ಕ್ಲೋಥಾರ್‌ನ ಮಕ್ಕಳ ಪಟ್ಟಿಯನ್ನು ಫ್ರಾಂಕರ ಇತಿಹಾಸ ಬರೆದ ತೂರ್‌ನ ಗ್ರೆಗೊರಿ ಕೊಟ್ಟಿದ್ದಾನೆ. ಏಳು ಗಂಡು, ಕ್ಲೋಥ್‌ಸಿಂಡ್ ಅಂತ ಒಂದು ಹೆಣ್ಣು. ಬ್ಲಿಥಿಲ್ಡ್ ಇಲ್ಲ. ಗ್ರೆಗೊರಿ ಅದೇ ಕಾಲದವನು, ಆ ರಾಜಕುಮಾರರ ಜೊತೆ ಒಡನಾಡಿದವನು.

ಆರ್ನುಲ್ಫ್‌ನಿಂದ ಕೆಳಗೆ ಬಂದರೂ ಗಟ್ಟಿ ಇಲ್ಲ. 727ರ ಫ್ರಾಂಕ್ ಇತಿಹಾಸದಲ್ಲಿ ಹೆರ್ಸ್ಟಾಲ್‌ನ ಪೆಪಿನ್‌ನ ಅಪ್ಪ ಆನ್ಸೆಗಿಸೆಲ್ ಅಂತ ಇದೆ. ಆನ್ಸೆಗಿಸೆಲ್ ಅಪ್ಪ ಆರ್ನುಲ್ಫ್ ಅಂತ ಹೇಳುವ ಪೌಲ್ ದ ಡೀಕನ್ ಬರೆದಿದ್ದು 780ರ ದಶಕದಲ್ಲಿ. ಆತ ಆ ಹೆಸರನ್ನು ಟ್ರಾಯ್ ಪುರಾಣದ ಆಂಖೈಸಿಸ್‌ಗೂ ತಳಕು ಹಾಕಿದ್ದಾನೆ.

ಗಣಕಭಟ್ಟ

ಟ್ರಾಯ್‌ವರೆಗೆ ಹೋಗುವುದಾದರೆ ತಾರೀಖು ಹೇಗೆ ಹಾಕುತ್ತೀರಿ? ಕ್ರಿಸ್ತಪೂರ್ವ ಅಂತ ಕೊಡಲು ಬೇರೆ ದಾರಿ ಇದೆ, ಬೇಕಾದರೆ ಹೇಳುತ್ತೇನೆ.

ಅಪರಂಜಿ

ಬೇಡ ಭಟ್ರೇ.

ಮಂಜು, ಹೀಗೆ ಮಾಡಿ. ಬರ್ತ್ರಾದಾಗೆ ಹುಗೊಬರ್ಟ್-ಇರ್ಮಿನಾ ಕುಟುಂಬ ಸೇರಿಸಿ. ಮಗುವಿನ ಸಂಬಂಧದ ಜಾಗದಲ್ಲಿ "ಹುಟ್ಟಿನಿಂದ" ಅಂತ ಬಿಡಬೇಡಿ, "ಗೊತ್ತಿಲ್ಲ" ಅಂತ ಹಾಕಿ. ಆಧಾರದ ನಂಬಿಕೆ ಮಟ್ಟ "ಕಡಿಮೆ". ಟಿಪ್ಪಣಿಯಲ್ಲಿ 706 ಮತ್ತು 762ರ ಪತ್ರಗಳನ್ನು ಬರೆದಿಡಿ, ಮುಂದೆ ಯಾರಾದರೂ ಕೇಳಿದರೆ ತೋರಿಸಲು ಇರುತ್ತದೆ. ಥ್ಯೂಡೆರಿಕ್‌ನನ್ನು ಇನ್ನೊಂದು ಪಾಲಕ ಕುಟುಂಬವಾಗಿ ಇಡಬಹುದು, "ತುಂಬಾ ಕಡಿಮೆ" ಅಂತ. ಒಬ್ಬ ವ್ಯಕ್ತಿಗೆ ಎರಡು ಕುಟುಂಬ ಇಡಲು ಗ್ರಾಂಪ್ಸ್ ಬಿಡುತ್ತದೆ. ಹುಗೊಬರ್ಟ್‌ನನ್ನೇ ಮೊದಲು ಇಡಿ, ಚಾರ್ಟ್ ಹೋಗುವುದು ಆ ಕಡೆಯಿಂದಲೇ.

ತಾಳೆಗರಿ

"ತುಂಬಾ ಕಡಿಮೆ" ಅನ್ಯಾಯ. "ಕಡಿಮೆ" ಮಾಡಿ.

ಮಂಜು_ಮೊಸೆಲ್

ಅಂದರೆ ಪ್ರಿಂಟ್‌ನಲ್ಲಿ ಕ್ಲೋವಿಸ್ ಇರುವುದೇ ಇಲ್ಲ. ಗುಂಪಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಚುಕ್ಕೆ ಗೆರೆಯಲ್ಲಿ ತೋರಿಸಲು ಆಗುತ್ತಾ?

ಅಪರಂಜಿ

ಎಕ್ಸ್‌ಪೋರ್ಟ್ ಮಾಡಿ ಚಿತ್ರ ತಿದ್ದುವ ಇಂಕ್‌ಸ್ಕೇಪ್‌ನಲ್ಲಿ ತೆರೆದು ಆ ಒಂದು ಗೆರೆ ಬದಲಾಯಿಸಿ. ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ. ದೊಡ್ಡದಾಗಿ.

ಕರಾವಳಿ_ಕಿಟ್ಟ

ನನ್ನ ಫ್ಲೆಕ್ಸ್ ಫೈಲ್ ಕೊಡಲಾ? ಕ್ಲೋವಿಸ್ ಇದ್ದಾನೆ.

ನಿರ್ವಾಹಕ

ಫ್ಲೆಕ್ಸ್, ರಾಸ್ಪ್‌ಬೆರಿ ಪೈ ಚರ್ಚೆಯನ್ನು "ನಿಮ್ಮ ಸೆಟಪ್ ತೋರಿಸಿ" ವಿಭಾಗದಲ್ಲಿ ಮುಂದುವರಿಸಿ. ಕಾರಿಬರ್ಟ್ ಹೆಸರಿನ ಜಗಳಕ್ಕೆ ತಾಳೆಗರಿ ಬೇರೆ ಥ್ರೆಡ್ ತೆರೆದಿದ್ದಾರೆ, ಶಾನುಭೋಗರು ಅಲ್ಲಿಗೆ ಹೋಗಿ.

ಹೊಸಬ_ಹಾಸನ

ಸರ್ ನಂಗೂ ಒಂದು ಡೌಟು. 743ರಲ್ಲಿ ಪಟ್ಟಕ್ಕೆ ಕೂರಿಸಿದ 3ನೇ ಚಿಲ್ಡೆರಿಕ್‌ಗೆ ಅಪ್ಪ ಯಾರು ಅಂತ ಹಾಕಲಿ? ಒಂದು ಕಡೆ 2ನೇ ಚಿಲ್ಪೆರಿಕ್ ಅಂತಿದೆ, ಇನ್ನೊಂದು ಕಡೆ 4ನೇ ಥ್ಯೂಡೆರಿಕ್. ಅರ್ಜೆಂಟ್ ಇದೆ.

ಗಣಕಭಟ್ಟ

ಯಾವ ಸಾಫ್ಟ್‌ವೇರ್? ತಾರೀಖು ಚೆಕ್ ಮಾಡಿದ್ರಾ?